ಪ್ರಶ್ನೋತ್ತರ: ಗಡಿ ದಾಟದೆಯೇ ಪರಕೀಯರಾದವರು

ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟ ಎಂದೊಡನೆ ನೆನಪಿಗೆ ಬರುವುದು ಮಾಂಟ್ಗೊಮೆರಿಯ ಬಸ್ ಬಹಿಷ್ಕಾರ, ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣ. ಅದೇ ದೇಶದ ನೈಋತ್ಯ ರಾಜ್ಯಗಳಲ್ಲಿ ಮೆಕ್ಸಿಕನ್ ಮೂಲದವರು ನಡೆಸಿದ ಹೋರಾಟವನ್ನು ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಏಳಕ್ಕೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ಚಿಕಾನೊ, ಹಿಸ್ಪಾನಿಕ್, ಲ್ಯಾಟಿನೊ, ಮೆಕ್ಸಿಕನ್ ಅಮೆರಿಕನ್ ಎಂಬ ಪದಗಳನ್ನು ಪತ್ರಿಕೆಗಳು ಒಂದೇ ಅರ್ಥದಲ್ಲಿ ಬಳಸುತ್ತವೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಮೆಕ್ಸಿಕನ್ ಅಮೆರಿಕನ್ ಎಂದರೆ ಮೂಲವನ್ನು ಮಾತ್ರ ಹೇಳಿದಂತೆ. ಲ್ಯಾಟಿನೊ ಎಂದರೆ ಲ್ಯಾಟಿನ್ ಅಮೆರಿಕದ ಯಾವ ದೇಶದ ಮೂಲದವರೂ ಆಗಬಹುದು. ಹಿಸ್ಪಾನಿಕ್ ಎಂಬುದು ಸರ್ಕಾರಿ ಕಾಗದಪತ್ರಗಳಲ್ಲಿ ನೆಲೆಯೂರಿದ ಪದ. 1980ರ ಜನಗಣತಿಯಲ್ಲಿ ಸ್ಪ್ಯಾನಿಷ್ ಅಥವಾ ಹಿಸ್ಪಾನಿಕ್ ಮೂಲದ ಪ್ರಶ್ನೆಯನ್ನು ಎಲ್ಲ ಮನೆಗಳಿಗೂ ಕೇಳಿದ ಮೇಲೆ ಅದು ಮನೆಮಾತಾಯಿತು. ಚಿಕಾನೊ ಮೊದಲು ಬೈಗುಳದ ಛಾಯೆ ಇದ್ದ ಪದ. 1960ರ ದಶಕದಲ್ಲಿ ಯುವಕರು ಅದನ್ನೇ ಎತ್ತಿಕೊಂಡು ತಮ್ಮ ಹೆಸರಾಗಿ ಇಟ್ಟುಕೊಂಡರು. ಹೆಣ್ಣುಮಕ್ಕಳು ಚಿಕಾನಾ ಎನ್ನುತ್ತಾರೆ. ಹಾಗಾಗಿ ಈ ಪದದಲ್ಲಿ ಹುಟ್ಟಿಗಿಂತ ನಿಲುವು ಮುಖ್ಯ. ಒಂದೇ ಮನೆಯಲ್ಲಿ ಅಜ್ಜಿ ತನ್ನನ್ನು ಮೆಕ್ಸಿಕನ್ ಎಂದು, ಮಗ ಮೆಕ್ಸಿಕನ್ ಅಮೆರಿಕನ್ ಎಂದು, ಮೊಮ್ಮಗಳು ಚಿಕಾನಾ ಎಂದು ಕರೆದುಕೊಂಡರೆ ಮೂವರೂ ಸರಿಯೇ. ಪೋರ್ಟೊ ರಿಕೊ ಅಥವಾ ಕ್ಯೂಬಾ ಮೂಲದವರನ್ನು ಮಾತ್ರ ಚಿಕಾನೊ ಎಂದು ಬರೆಯಬೇಡಿ.

ಪ್ರಶ್ನೆ: 1848ರ ಒಪ್ಪಂದ ಮೆಕ್ಸಿಕನ್ನರ ಆಸ್ತಿಗೆ ರಕ್ಷಣೆ ಕೊಟ್ಟಿತ್ತು ಎನ್ನುತ್ತಾರೆ. ಹಾಗಿದ್ದರೂ ಅವರು ಜಮೀನು ಕಳೆದುಕೊಂಡದ್ದು ಹೇಗೆ?

ಉತ್ತರ: ಯಾವ ಕಾನೂನೂ "ನಿನ್ನ ಜಮೀನು ಕಿತ್ತುಕೊಳ್ಳುತ್ತೇವೆ" ಎಂದು ಹೇಳಲಿಲ್ಲ. ಕೆಲಸ ನಡೆದದ್ದು ಕಾರ್ಯವಿಧಾನದ ಮೂಲಕ. ಅದನ್ನು ಹಂತಹಂತವಾಗಿ ನೋಡಿದರೇ ಅರ್ಥವಾಗುತ್ತದೆ.

ಅಮೆರಿಕ–ಮೆಕ್ಸಿಕೊ ಯುದ್ಧ ಮುಗಿಸಲು 1848ರ ಫೆಬ್ರುವರಿ 2ರಂದು ಸಹಿಯಾದ ಗ್ವಾಡಲೂಪೆ ಇಡಾಲ್ಗೊ ಒಪ್ಪಂದದಿಂದ ಮೆಕ್ಸಿಕೊ ಇಂದಿನ ಕ್ಯಾಲಿಫೋರ್ನಿಯಾ, ನೆವಾಡ, ಯೂಟಾ ರಾಜ್ಯಗಳನ್ನೂ ಅರಿಜೋನ, ನ್ಯೂ ಮೆಕ್ಸಿಕೊಗಳ ಬಹುಭಾಗವನ್ನೂ ಕೊಲರಾಡೊದ ಒಂದು ಭಾಗವನ್ನೂ ಬಿಟ್ಟುಕೊಟ್ಟಿತು. ಅಮೆರಿಕ ಕೊಟ್ಟದ್ದು ಒಂದೂವರೆ ಕೋಟಿ ಡಾಲರ್. ಅಲ್ಲೇ ಉಳಿದವರಿಗೆ ಒಂದು ವರ್ಷದ ಗಡುವು. ಅಷ್ಟರೊಳಗೆ ಮೆಕ್ಸಿಕೊ ಪೌರತ್ವ ಉಳಿಸಿಕೊಳ್ಳುತ್ತೇವೆ ಎಂದು ಹೇಳದವರು ಅಮೆರಿಕದ ಪೌರರಾದರು. "ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು" ಎಂದು ಚಿಕಾನೊ ಹೋರಾಟಗಾರರು ಹೇಳುವುದು ಈ ಅರ್ಥದಲ್ಲಿ. ಒಪ್ಪಂದದ 8ನೇ ಕಲಮು ಆಸ್ತಿಯನ್ನು ಗೌರವಿಸುವುದಾಗಿ ಹೇಳಿತು. ಆದರೆ ಮೆಕ್ಸಿಕೊ ಆಡಳಿತ ಕೊಟ್ಟಿದ್ದ ಹಳೆಯ ಭೂದಾನಗಳನ್ನು ನೇರವಾಗಿ ಮಾನ್ಯ ಮಾಡುತ್ತಿದ್ದ 10ನೇ ಕಲಮನ್ನು ಅಮೆರಿಕದ ಸೆನೆಟ್ ಅಳಿಸಿಹಾಕಿತು. ಬಿರುಕು ಬಿಟ್ಟದ್ದು ಅಲ್ಲಿ.

ಕ್ಯಾಲಿಫೋರ್ನಿಯಾಕ್ಕಾಗಿ 1851ರಲ್ಲಿ ಭೂ ಕಾಯ್ದೆ ಬಂತು. ಮೂವರು ಸದಸ್ಯರ ಮಂಡಳಿಯ ಮುಂದೆ ಪ್ರತಿ ಭೂಮಾಲೀಕನೂ ಎರಡು ವರ್ಷದೊಳಗೆ ದಾಖಲೆ ಹಿಡಿದು ಬರಬೇಕು. ಬಾರದವನ ಜಮೀನು ಸರ್ಕಾರಿ ಜಮೀನು. ಜಮೀನು ನನ್ನದೇ ಎಂದು ರುಜುವಾತು ಮಾಡುವ ಹೊಣೆ ತಲೆಮಾರುಗಳಿಂದ ಉಳುತ್ತಿದ್ದವನ ಮೇಲೆ ಬಿತ್ತು. ಅವನ ಬಳಿ ಇದ್ದದ್ದು ಡಿಸೆನ್ಯೊ ಎಂಬ ಕೈಬರಹದ ನಕ್ಷೆ: ಒಂದು ಓಕ್ ಮರ, ಒಂದು ತೊರೆ, ಒಂದು ಗುಡ್ಡದ ನೆತ್ತಿ, ಇವೇ ಚಕ್ಕುಬಂದಿ. ದನ ಮೇಯುವ ನಾಡಿನಲ್ಲಿ ಅಷ್ಟು ಸಾಕಾಗಿತ್ತು, ನ್ಯಾಯಾಲಯಕ್ಕೆ ಸಾಕಾಗಲಿಲ್ಲ. ಮಂಡಳಿ ಒಪ್ಪಿದರೂ ಸರ್ಕಾರ ಜಿಲ್ಲಾ ನ್ಯಾಯಾಲಯಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗಬಹುದಿತ್ತು. ಅದೆಲ್ಲ ಮುಗಿದ ಮೇಲೆ ಸರ್ವೆ, ಆಮೇಲೆ ಹಕ್ಕುಪತ್ರ. ಸರಾಸರಿ 17 ವರ್ಷ ಹಿಡಿಯಿತು.

ಬಂದ 813 ಅರ್ಜಿಗಳಲ್ಲಿ ಕೊನೆಗೆ 604 ಊರ್ಜಿತವಾದವು. ಇದನ್ನು ನೋಡಿ "ಮುಕ್ಕಾಲು ಪಾಲು ಗೆದ್ದರಲ್ಲ" ಎನ್ನುವವರಿದ್ದಾರೆ. ಅವರು ನೋಡುವುದು ತೀರ್ಪನ್ನು. ತೀರ್ಪು ಬರುವ ಹೊತ್ತಿಗೆ ಜಮೀನು ಯಾರ ಕೈಯಲ್ಲಿತ್ತು ಎಂದು ನೋಡಬೇಕು. ವಕೀಲರ ಫೀಸಿಗೆ ನಗದಿಲ್ಲದೆ ಜಮೀನನ್ನೇ ಭಾಗವಾಗಿ ಕೊಟ್ಟವರು, ಬಡ್ಡಿ ತೀರಿಸಲಾಗದೆ ಅಡವಿಟ್ಟದ್ದನ್ನು ಬಿಟ್ಟವರು, ಅಕ್ರಮವಾಗಿ ಬಂದು ಬೇಲಿ ಹಾಕಿದವರನ್ನು ಎಬ್ಬಿಸಲಾಗದವರು ಬಹಳ. ಗೆದ್ದ ಕುಟುಂಬದ ಕೈಗೆ ಎಷ್ಟೋ ಸಲ ಹಕ್ಕುಪತ್ರ ಬಂತು, ಭೂಮಿ ಬರಲಿಲ್ಲ.

ನ್ಯೂ ಮೆಕ್ಸಿಕೊದಲ್ಲಿ ಪೆಟ್ಟು ಬಿದ್ದದ್ದು ಊರಿನ ಸಾಮೂಹಿಕ ಗೋಮಾಳ, ಕಾಡುಗಳ ಮೇಲೆ. 1897ರಲ್ಲಿ ಸುಪ್ರೀಂ ಕೋರ್ಟು ಅಂಥ ಭೂಮಿ ಊರಿನದ್ದಲ್ಲ, ಹಿಂದೆ ಸ್ಪೇನಿನ ದೊರೆಯದಾಗಿತ್ತು, ಆದ್ದರಿಂದ ಈಗ ಅಮೆರಿಕ ಸರ್ಕಾರದ್ದು ಎಂದಿತು. ಸಾನ್ ಮಿಗೆಲ್ ದೆಲ್ ವಾಡೊ ಎಂಬ ಭೂದಾನದಲ್ಲಿ ಸುಮಾರು 3 ಲಕ್ಷ 15 ಸಾವಿರ ಎಕರೆ ಕೇಳಿದ್ದ ಜನರಿಗೆ ಉಳಿದದ್ದು 5 ಸಾವಿರದಷ್ಟು: ಮನೆಯಡಿ ಜಾಗ ಮತ್ತು ನೀರಾವರಿ ಹೊಲ. ಮೇವಿಗೆ, ಸೌದೆಗೆ ಜಾಗವಿಲ್ಲದ ಮೇಲೆ ಬರೀ ಹೊಲದಿಂದ ಬದುಕು ಸಾಗದು. 1967ರ ಜೂನ್ 5ರಂದು, ಕಳೆದುಹೋದ ಜಮೀನನ್ನು ಮರಳಿ ಕೇಳುತ್ತಿದ್ದ ರೀಸ್ ಲೋಪೆಸ್ ತಿಹೆರಿನಾ ಅವರ ಸಂಘಟನೆಯವರು ತಿಯೆರ್ರಾ ಅಮರಿಯಾ ಊರಿನ ನ್ಯಾಯಾಲಯಕ್ಕೆ ಬಂದೂಕು ಹಿಡಿದು ನುಗ್ಗಿದ ಘಟನೆಯ ಬೇರು ಇಲ್ಲಿದೆ. ಆ ದಾರಿಯನ್ನು ನಾವು ಒಪ್ಪುವುದಿಲ್ಲ. ಆದರೆ ಅದನ್ನು ಬರೀ ಪುಂಡಾಟಿಕೆ ಎಂದು ಬರೆದರೆ ಇತಿಹಾಸ ಬರೆದಂತಾಗುವುದಿಲ್ಲ.

ಪ್ರಶ್ನೆ: ಕಾನೂನಿನಲ್ಲಿ ಮೆಕ್ಸಿಕನ್ನರು "ಬಿಳಿಯರು" ಎಂದಿತ್ತಂತೆ. ಹಾಗಾದರೆ ಪ್ರತ್ಯೇಕ ಶಾಲೆ ಹೇಗೆ ಸಾಧ್ಯವಾಯಿತು? ಆ ಹೆಸರಿನಿಂದ ಅವರಿಗೆ ಲಾಭವಾಯಿತೋ ನಷ್ಟವೋ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಎರಡು ಮೊಕದ್ದಮೆಗಳನ್ನು ಅಕ್ಕಪಕ್ಕ ಇಟ್ಟು ಓದಿ.

ಮೊದಲನೆಯದು ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯದು. ಆ ರಾಜ್ಯದ ಶಿಕ್ಷಣ ಸಂಹಿತೆ ಮೂಲನಿವಾಸಿ, ಚೀನಿ, ಜಪಾನಿ ಮಕ್ಕಳಿಗೆ ಪ್ರತ್ಯೇಕ ಶಾಲೆ ಮಾಡಲು ಅನುಮತಿ ಕೊಟ್ಟಿತ್ತು. ಪಟ್ಟಿಯಲ್ಲಿ ಮೆಕ್ಸಿಕನ್ನರು ಇರಲಿಲ್ಲ. ಆದ್ದರಿಂದ ಶಾಲಾ ಮಂಡಳಿಗಳು ಜನಾಂಗದ ಮಾತೆತ್ತದೆ "ಮಕ್ಕಳಿಗೆ ಇಂಗ್ಲಿಷ್ ಬಾರದು" ಎಂದವು. ವೆಸ್ಟ್‌ಮಿನ್‌ಸ್ಟರ್ ಊರಿನಲ್ಲಿ ಮೆಂಡೆಸ್ ಕುಟುಂಬದ ಮಕ್ಕಳನ್ನೂ ತನ್ನ ಮಕ್ಕಳನ್ನೂ ಸೋದರತ್ತೆ 17ನೇ ಬೀದಿಯ ಶಾಲೆಗೆ ಕರೆದೊಯ್ದರು. ತಿಳಿಬಣ್ಣದ, ಫ್ರೆಂಚಿನಂತೆ ಕೇಳುವ ವಿದೌರಿ ಎಂಬ ಅಡ್ಡಹೆಸರಿನ ಅವರ ಮಕ್ಕಳಿಗೆ ಸೀಟು ಸಿಕ್ಕಿತು. ಕಂದುಬಣ್ಣದ ಮೆಂಡೆಸ್ ಮಕ್ಕಳಿಗೆ ಇಲ್ಲ. ಒಂದೇ ಮನೆತನದ ಮಕ್ಕಳು, ಒಂದೇ ಬಾಗಿಲು. ಭಾಷೆಯ ನೆಪ ಅಲ್ಲೇ ಬಿದ್ದುಹೋಗುತ್ತದೆ.

1945ರ ಮಾರ್ಚಿಯಲ್ಲಿ ಗೊನ್ಸಾಲೊ ಮೆಂಡೆಸ್ ಮತ್ತು ಇತರ ತಂದೆಯಂದಿರು ವೆಸ್ಟ್‌ಮಿನ್‌ಸ್ಟರ್, ಗಾರ್ಡನ್ ಗ್ರೋವ್, ಸಾಂಟಾ ಆನಾ, ಎಲ್ ಮೊಡೆನಾ ಎಂಬ ನಾಲ್ಕು ಶಾಲಾ ಜಿಲ್ಲೆಗಳ ಮೇಲೆ ದಾವೆ ಹೂಡಿದರು. ಸುಮಾರು 5,000 ಮಕ್ಕಳ ಪರವಾಗಿ ಹೂಡಿದ ದಾವೆ. ವಕೀಲ ಡೇವಿಡ್ ಮಾರ್ಕಸ್. 1946ರ ಫೆಬ್ರುವರಿ 18ರಂದು ನ್ಯಾಯಾಧೀಶ ಪಾಲ್ ಮೆಕಾರ್ಮಿಕ್ ತೀರ್ಪು ಕೊಟ್ಟರು: ಒಂದೇ ಬಗೆಯ ಪುಸ್ತಕ, ಒಂದೇ ಬಗೆಯ ಕಟ್ಟಡ ಕೊಟ್ಟ ಮಾತ್ರಕ್ಕೆ ಸಮಾನತೆ ಆಗದು, ಮಕ್ಕಳು ಒಟ್ಟಿಗೆ ಕಲಿಯಬೇಕು. 1947ರ ಏಪ್ರಿಲ್ 14ರಂದು ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಕಾರಣವನ್ನು ಕಿರಿದು ಮಾಡಿತು. ರಾಜ್ಯದ ಕಾನೂನಿನಲ್ಲಿ ಮೆಕ್ಸಿಕನ್ನರ ಹೆಸರಿಲ್ಲ, ಆದ್ದರಿಂದ ಬೇರ್ಪಡಿಸಿದ್ದು ತಪ್ಪು ಎಂದಿತು. ಹೆಸರಿದ್ದಿದ್ದರೆ? ಆ ಪ್ರಶ್ನೆಯನ್ನು ಮುಟ್ಟಲಿಲ್ಲ. ಈ ತೀರ್ಪು ಗೆದ್ದದ್ದೂ ಅದರ ಮಿತಿಯೂ ಈ ಒಂದು ಎಳೆಯಲ್ಲಿದೆ. ಅದೇ ವರ್ಷ ಜೂನ್‌ನಲ್ಲಿ ಗವರ್ನರ್ ಅರ್ಲ್ ವಾರನ್ ಉಳಿದ ಸಮುದಾಯಗಳನ್ನು ಬೇರ್ಪಡಿಸುವ ಕಲಮುಗಳನ್ನೂ ತೆಗೆಯುವ ಮಸೂದೆಗೆ ಸಹಿ ಹಾಕಿದರು. ಸರ್ಕಾರಿ ಶಾಲೆಗಳಲ್ಲಿ ಜನಾಂಗದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧ ಎಂದ 1954ರ ಬ್ರೌನ್ ತೀರ್ಪನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಬರೆದವರೂ ಅವರೇ.

ಎರಡನೆಯದು ಟೆಕ್ಸಾಸಿನ ಜಾಕ್ಸನ್ ಕೌಂಟಿಯ ಹೆರ್ನಾಂಡೆಸ್ ಮೊಕದ್ದಮೆ. ಕೊಲೆ ಆರೋಪಿ ಪೀಟ್ ಹೆರ್ನಾಂಡೆಸ್ ಅವರನ್ನು ವಿಚಾರಿಸಿದ ಜ್ಯೂರಿಯಲ್ಲಿ ಮೆಕ್ಸಿಕನ್ ಮೂಲದವರು ಒಬ್ಬರೂ ಇರಲಿಲ್ಲ. ರಾಜ್ಯದ ವಾದ ಸರಳ: ಮೆಕ್ಸಿಕನ್ನರೂ ಬಿಳಿಯರು, ಜ್ಯೂರಿಯಲ್ಲಿದ್ದವರೂ ಬಿಳಿಯರು, ಇನ್ನು ತಾರತಮ್ಯ ಎಲ್ಲಿಂದ ಬಂತು? ಗಸ್ ಗಾರ್ಸಿಯಾ, ಕಾರ್ಲೋಸ್ ಕಡೇನಾ ಮತ್ತು ಜೊತೆಯವರು ಎರಡು ಬಗೆಯ ಪುರಾವೆ ತಂದರು. ಒಂದು, ಲೆಕ್ಕ. ಕೌಂಟಿಯ ಜನಸಂಖ್ಯೆಯಲ್ಲಿ ಶೇ 14 ಮಂದಿಗೆ ಸ್ಪ್ಯಾನಿಷ್ ಅಡ್ಡಹೆಸರು. ತೆರಿಗೆ ಪಟ್ಟಿಯಲ್ಲಿದ್ದ ಆಸ್ತಿದಾರರಲ್ಲಿ ಶೇ 6ರಿಂದ 7. 25 ವರ್ಷಗಳಲ್ಲಿ ಜ್ಯೂರಿ ಕೆಲಸಕ್ಕೆ ಕರೆದ ಸುಮಾರು 6,000 ಮಂದಿಯಲ್ಲಿ ಅವರು ಸೊನ್ನೆ. ಶೇ 6 ಹಿಡಿದರೂ 360 ಮಂದಿ ಬರಬೇಕಿತ್ತು. ಇನ್ನೊಂದು, ಆ ನ್ಯಾಯಾಲಯದ ಕಟ್ಟಡವೇ. ಅಲ್ಲಿ ಗಂಡಸರಿಗೆ ಎರಡು ಶೌಚಾಲಯ. ಒಂದಕ್ಕೆ ಬೋರ್ಡಿಲ್ಲ. ಇನ್ನೊಂದರ ಬಾಗಿಲ ಮೇಲೆ ಕಪ್ಪು ಗಂಡಸರಿಗೆ ಎಂದು ಇಂಗ್ಲಿಷಿನಲ್ಲಿ, ಅದರ ಕೆಳಗೆ ಸ್ಪ್ಯಾನಿಷ್‌ನಲ್ಲಿ "ಓಂಬ್ರೆಸ್ ಅಕಿ", ಅಂದರೆ ಗಂಡಸರು ಇಲ್ಲಿ. ಬಿಳಿಯರೆಂದು ವಾದಿಸುತ್ತಿದ್ದ ರಾಜ್ಯ ತನ್ನದೇ ಗೋಡೆಯ ಮೇಲೆ ಬೇರೆ ಬರೆದುಕೊಂಡಿತ್ತು. 1954ರ ಮೇ 3ರಂದು, ಬ್ರೌನ್ ತೀರ್ಪಿಗೆ ಎರಡು ವಾರ ಮೊದಲು, ಸುಪ್ರೀಂ ಕೋರ್ಟು ಶಿಕ್ಷೆಯನ್ನು ಸರ್ವಾನುಮತದಿಂದ ರದ್ದು ಮಾಡಿತು. ಸಂವಿಧಾನದ 14ನೇ ತಿದ್ದುಪಡಿ ಕೊಡುವ ಕಾನೂನಿನ ಸಮಾನ ರಕ್ಷಣೆ ಕಪ್ಪು ಮತ್ತು ಬಿಳಿ ಎಂಬ ಎರಡೇ ವರ್ಗಕ್ಕೆ ಸೀಮಿತವಲ್ಲ ಎಂದಿತು.

ಲಾಭವೋ ನಷ್ಟವೋ ಎಂದರೆ, ನಮ್ಮ ತೀರ್ಮಾನ ನಷ್ಟವೇ ಹೆಚ್ಚು ಎಂದು. "ನಾವೂ ಬಿಳಿಯರು" ಎಂಬ ವಾದದಿಂದ ಕೆಲವು ಮೊಕದ್ದಮೆ ಗೆದ್ದರು ನಿಜ. ಆದರೆ ಅದು ಕಪ್ಪುಜನರ ಹೋರಾಟದಿಂದ ಅವರನ್ನು ದೂರ ಇಟ್ಟಿತು, ಎದುರಾಳಿಗೆ ಆಯುಧವೂ ಆಯಿತು. ಬ್ರೌನ್ ತೀರ್ಪು ಬಂದ ಮೇಲೆ ಟೆಕ್ಸಾಸಿನ ಕೆಲವು ಶಾಲಾ ಜಿಲ್ಲೆಗಳು ಕಪ್ಪು ಮಕ್ಕಳನ್ನೂ ಮೆಕ್ಸಿಕನ್ ಮಕ್ಕಳನ್ನೂ ಒಂದೇ ಶಾಲೆಗೆ ಹಾಕಿ "ಬಿಳಿಯರ ಜೊತೆ ಸೇರಿಸಿದ್ದೇವೆ" ಎಂದು ಲೆಕ್ಕ ಒಪ್ಪಿಸಿದವು. ಕಾರ್ಪಸ್ ಕ್ರಿಸ್ಟಿ ಮೊಕದ್ದಮೆಯಲ್ಲಿ 1970ರಲ್ಲಿ ನ್ಯಾಯಾಲಯ ಮೆಕ್ಸಿಕನ್ ಅಮೆರಿಕನ್ನರು ಗುರುತಿಸಬಹುದಾದ ಪ್ರತ್ಯೇಕ ಅಲ್ಪಸಂಖ್ಯಾತರು ಎಂದ ಮೇಲೆ ಈ ಆಟಕ್ಕೆ ತಡೆ ಬಿತ್ತು.

ಪ್ರಶ್ನೆ: ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಟೆಕ್ಸಾಸಿನ ರೊಡ್ರಿಗೆಸ್ ಮೊಕದ್ದಮೆಯ ಲೆಕ್ಕವನ್ನು ತರಗತಿಯಲ್ಲಿ ತೋರಿಸುವುದು ಹೇಗೆ?

ಉತ್ತರ: ಶಾಲೆಯ ಹಣ ಸ್ಥಳೀಯ ಆಸ್ತಿ ತೆರಿಗೆಯ ಮೇಲೆ ನಿಂತಿದ್ದ ಪದ್ಧತಿಯನ್ನು ಬಡ ಜಿಲ್ಲೆಯ ಪೋಷಕರು ಪ್ರಶ್ನಿಸಿದ ಮೊಕದ್ದಮೆ ಅದು. ಕಪ್ಪುಹಲಗೆಯ ಮೇಲೆ ಎರಡು ಕಾಲಮ್ ಹಾಕಿ: ಎಡಕ್ಕೆ ಎಡ್ಜ್‌ವುಡ್, ಬಲಕ್ಕೆ ಅಲಮೊ ಹೈಟ್ಸ್. ಎರಡೂ ಸಾನ್ ಆಂಟೋನಿಯೊ ನಗರ ಪ್ರದೇಶದ ಶಾಲಾ ಜಿಲ್ಲೆಗಳೇ. ಎಡ್ಜ್‌ವುಡ್‌ನ ಮಕ್ಕಳಲ್ಲಿ ಸುಮಾರು ಶೇ 90 ಮೆಕ್ಸಿಕನ್ ಮೂಲದವರು. ವರ್ಷ 1967–68, ಎಲ್ಲ ಅಂಕಿಯೂ ಒಂದು ಮಗುವಿಗೆ.

ಸ್ಥಳೀಯ ಆಸ್ತಿ ತೆರಿಗೆಯಿಂದ (ರಾಜ್ಯದ ಯೋಜನೆಗೆ ಕೊಡಬೇಕಾದ ಪಾಲು ಕಳೆದು): ಎಡಕ್ಕೆ 26 ಡಾಲರ್, ಬಲಕ್ಕೆ 333. ರಾಜ್ಯದಿಂದ: 222, 225. ಕೇಂದ್ರದಿಂದ: 108, 36. ಕೂಡಿಸಿ: 356, 594.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ "ಎಡ್ಜ್‌ವುಡ್‌ನವರು ತೆರಿಗೆ ಕಡಿಮೆ ಹಾಕಿಕೊಂಡಿರಬೇಕು" ಎನ್ನುತ್ತಾರೆ. ಆಗ ದರ ಬರೆಯಿರಿ: ಆಸ್ತಿಯ ಪ್ರತಿ 100 ಡಾಲರಿಗೆ ಎಡ್ಜ್‌ವುಡ್ 1.05 ಡಾಲರ್, ಅಲಮೊ ಹೈಟ್ಸ್ 0.85. ಹೆಚ್ಚು ದರ ಕಟ್ಟಿದವರಿಗೆ ಕಡಿಮೆ ಹಣ. ಕಾರಣ, ಒಂದು ಮಗುವಿಗೆ ಬರುವ ಆಸ್ತಿ ಮೌಲ್ಯ ಎಡಕ್ಕೆ 5,960 ಡಾಲರ್, ಬಲಕ್ಕೆ 49,000ಕ್ಕೂ ಮೇಲೆ. ಗಡಿರೇಖೆ ಎಲ್ಲಿ ಎಳೆದಿದ್ದಾರೆ ಎಂಬುದೇ ಮಗುವಿನ ಪಾಲನ್ನು ತೀರ್ಮಾನಿಸಿತು. ಇನ್ನೊಂದು ಸಾಲನ್ನು ಅವರೇ ಕಂಡುಹಿಡಿಯಲಿ: ರಾಜ್ಯದ ನೆರವು ಬಡ ಜಿಲ್ಲೆಗೇ 3 ಡಾಲರ್ ಕಡಿಮೆ. ಅಂತರ ತುಂಬಬೇಕಾದ ಹಣವೇ ಅಂತರ ಮುಟ್ಟುತ್ತಿರಲಿಲ್ಲ.

1973ರ ಮಾರ್ಚ್ 21ರಂದು ಸುಪ್ರೀಂ ಕೋರ್ಟು 5–4ರಲ್ಲಿ ಪೋಷಕ ಡೆಮೆಟ್ರಿಯೊ ರೊಡ್ರಿಗೆಸ್ ಮತ್ತು ಜೊತೆಗಾರರ ವಿರುದ್ಧ ತೀರ್ಪು ಕೊಟ್ಟಿತು. ಶಿಕ್ಷಣವು ಕೇಂದ್ರ ಸಂವಿಧಾನ ಖಾತರಿಪಡಿಸಿದ ಮೂಲಭೂತ ಹಕ್ಕಲ್ಲ ಎಂಬುದು ಬಹುಮತದ ಕಾರಣ. ಇದು ದೊಡ್ಡ ತಪ್ಪು ತೀರ್ಪು ಎಂದೇ ನಾವು ಭಾವಿಸುತ್ತೇವೆ. ಆದರೆ ಪಾಠ ಇಲ್ಲಿಗೆ ನಿಲ್ಲಿಸಬೇಡಿ. ಹೋರಾಟಗಾರರು ರಾಜ್ಯದ ಸಂವಿಧಾನದ ಕಡೆ ತಿರುಗಿದರು. ಟೆಕ್ಸಾಸ್ ಸಂವಿಧಾನದಲ್ಲಿ "ದಕ್ಷ" ಶಾಲಾ ವ್ಯವಸ್ಥೆ ನಡೆಸಬೇಕೆಂಬ ಮಾತಿದೆ. ಅದನ್ನೇ ಹಿಡಿದು 1989ರಲ್ಲಿ ಎಡ್ಜ್‌ವುಡ್ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸರ್ವಾನುಮತದ ಗೆಲುವು ಪಡೆಯಿತು. ನಡುವೆ 16 ವರ್ಷ. ಆ ಮಕ್ಕಳು ಅಷ್ಟರಲ್ಲಿ ಶಾಲೆ ಮುಗಿಸಿದ್ದರು.

ಪ್ರಶ್ನೆ: ಕ್ಯಾಲಿಫೋರ್ನಿಯಾದ ದ್ರಾಕ್ಷಿ ಕೂಲಿಕಾರರು ಮುಷ್ಕರದ ಜೊತೆಗೆ ಬಹಿಷ್ಕಾರವನ್ನೂ ಏಕೆ ಹೂಡಿದರು?

ಉತ್ತರ: ಮುಷ್ಕರ ಒಂದೇ ಸಾಲದಾಗಿತ್ತು. 1965ರ ಸೆಪ್ಟೆಂಬರ್ 8ರಂದು ಡೆಲಾನೊದಲ್ಲಿ ಕೆಲಸ ನಿಲ್ಲಿಸಿದವರು ಮೊದಲು ಲ್ಯಾರಿ ಇಟ್ಲಿಯಾಂಗ್ ಮುಂದಾಳತ್ವದ ಫಿಲಿಪಿನೊ ಕೂಲಿಕಾರರು. ಇದನ್ನು ಮರೆತು ಬರೆಯುವವರು ಬಹಳ. ಸೆಸಾರ್ ಚಾವೆಸ್, ಡೊಲೊರೆಸ್ ಉಯೆರ್ತಾ ಕಟ್ಟಿದ ಸಂಘ ಸೇರಿಕೊಂಡದ್ದು ಸೆಪ್ಟೆಂಬರ್ 16ರಂದು. ಮಾಲೀಕರು ಬೇರೆ ಕಡೆಯಿಂದ ಕೂಲಿಗಳನ್ನು ತಂದರು, ತೋಟದ ಅಂಚಿನಲ್ಲಿ ಗುಂಪು ಸೇರದಂತೆ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಹಣ್ಣು ಕೊಯ್ದು ಲಾರಿ ಹತ್ತಿದರೆ ಮುಷ್ಕರಕ್ಕೆ ಬಲವಿಲ್ಲ. ಆ ಹಣ್ಣು ಮಾರಾಟವಾಗುವ ಜಾಗಕ್ಕೇ ಹೋಗಬೇಕಿತ್ತು.

ಕಾನೂನಿನ ಒಂದು ವಿಚಿತ್ರ ಅವರ ನೆರವಿಗೆ ಬಂತು. 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧ ಕಾಯ್ದೆ ಕೃಷಿ ಕೂಲಿಕಾರರನ್ನು ಹೊರಗಿಟ್ಟಿತ್ತು. ಸಂಘ ಕಟ್ಟುವ ರಕ್ಷಣೆ ಅವರಿಗೆ ಇಲ್ಲ. ಆದರೆ ಅದೇ ಕಾರಣಕ್ಕೆ, ಮೂರನೆಯವರ ಅಂಗಡಿಯ ಮೇಲೆ ಬಹಿಷ್ಕಾರದ ಒತ್ತಡ ಹಾಕಬಾರದೆಂದು ಬೇರೆ ಕಾರ್ಮಿಕರಿಗೆ ಇದ್ದ ನಿಷೇಧವೂ ಅವರಿಗೆ ತಗಲಲಿಲ್ಲ. ಸಂಘದವರು ದೂರದೂರದ ನಗರಗಳಿಗೆ ಹೋಗಿ ನೆಲೆಸಿದರು, ಚರ್ಚು, ಕಾರ್ಮಿಕ ಸಂಘ, ಗೃಹಿಣಿಯರ ಬೆಂಬಲ ಗಳಿಸಿ ಅಂಗಡಿಗಳ ಮುಂದೆ ನಿಂತರು. 1970ರ ಜುಲೈ 29ರಂದು ಡೆಲಾನೊದ ಪ್ರಮುಖ ದ್ರಾಕ್ಷಿ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕಿದರು. ಸುಮಾರು ಐದು ವರ್ಷ.

ಇದೇ ಹೋರಾಟದ ಒಂದು ಸಣ್ಣ ವಸ್ತುವನ್ನು ಹತ್ತಿರದಿಂದ ನೋಡಬೇಕು: ಗಿಡ್ಡ ಕಾವಿನ ಗುದ್ದಲಿ, ಸ್ಪ್ಯಾನಿಷ್‌ನಲ್ಲಿ ಎಲ್ ಕೊರ್ತಿತೊ. ಕಾವು ಒಂದರಿಂದ ಎರಡು ಅಡಿ. ಲೆಟ್ಯೂಸ್ ಸಾಲಿನಲ್ಲಿ ಹೆಚ್ಚಿನ ಸಸಿ ತೆಗೆಯಲು, ಕಳೆ ಕೀಳಲು ಇದನ್ನು ಹಿಡಿದವರು ಸೊಂಟ ಮಡಿಚಿ ದಿನವಿಡೀ ನಡೆಯಬೇಕು. ಗಿಡಕ್ಕೆ ಏಟು ಬೀಳದಂತೆ ನಾಜೂಕಾಗಿ ಕೆಲಸ ಆಗುತ್ತದೆ ಎಂದರು ಮಾಲೀಕರು. ಯಾರು ನೆಟ್ಟಗೆ ನಿಂತರೂ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತದೆ ಎಂದರು ಕೂಲಿಕಾರರು. ಬೆನ್ನುಮೂಳೆ ಶಾಶ್ವತವಾಗಿ ಹಾಳಾಗುತ್ತದೆ ಎಂದು ವೈದ್ಯರು ಸಾಕ್ಷ್ಯ ನುಡಿದರು. ಅಸುರಕ್ಷಿತ ಉಪಕರಣ ಕೂಡದೆಂಬ ನಿಯಮ ಮೊದಲೇ ಇತ್ತು. ಗುದ್ದಲಿಯಲ್ಲಿ ದೋಷವಿಲ್ಲ, ಆದ್ದರಿಂದ ನಿಯಮ ಅನ್ವಯಿಸದು ಎಂದು ರಾಜ್ಯದ ಸುರಕ್ಷತಾ ವಿಭಾಗ ಅರ್ಥ ಮಾಡಿತ್ತು. 1975ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಆ ಅರ್ಥವನ್ನು ತಳ್ಳಿಹಾಕಿತು. ಮುರಿದ ಉಪಕರಣ ಮಾತ್ರವಲ್ಲ, ಬಳಸುವ ರೀತಿಯಿಂದಲೇ ದೇಹ ಮುರಿಯುವ ಉಪಕರಣವೂ ಅಸುರಕ್ಷಿತ. ಅದೇ ವರ್ಷ ಆ ಗುದ್ದಲಿ ನಿಷೇಧವಾಯಿತು.

ಪ್ರಶ್ನೆ: ಈ ಇತಿಹಾಸವನ್ನು ಕಲಿಸುವುದಕ್ಕೇ ಅರಿಜೋನದಲ್ಲಿ ನಿಷೇಧ ಬಂದಿತ್ತೇ?

ಉತ್ತರ: ಬಂದಿತ್ತು. ಹಿನ್ನೆಲೆ ಇಷ್ಟು. 1968ರ ಮಾರ್ಚಿಯಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಪ್ರೌಢಶಾಲೆಗಳ ಸಾವಿರಾರು ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರನಡೆದರು. ದ್ವಿಭಾಷಾ ಶಿಕ್ಷಣ, ಪಠ್ಯದಲ್ಲಿ ತಮ್ಮ ಇತಿಹಾಸ, ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಶಿಕ್ಷೆ ನಿಲ್ಲಿಸುವುದು ಅವರ ಬೇಡಿಕೆಗಳಲ್ಲಿ ಸೇರಿದ್ದವು. ಶಿಕ್ಷಕ ಸಾಲ್ ಕಾಸ್ಟ್ರೊ ಸೇರಿ 13 ಮಂದಿಯ ಮೇಲೆ ಒಳಸಂಚಿನ ಆರೋಪ ಬಂತು. ಶಾಲೆಗೆ ಅಡ್ಡಿ ಮಾಡಿದ್ದು ಸಣ್ಣ ಅಪರಾಧ, ಅದಕ್ಕೆ ಸಂಚು ಹೂಡಿದ್ದು ಘೋರ ಅಪರಾಧ ಎಂಬ ಲೆಕ್ಕ. ಅದು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಮರುವರ್ಷ ಸಾನ್ ಫರ್ನಾಂಡೊ ವ್ಯಾಲಿಯ ಕಾಲೇಜಿನಲ್ಲಿ ಇತಿಹಾಸಕಾರ ರೊಡೊಲ್ಫೊ ಅಕುನ್ಯಾ ಚಿಕಾನೊ ಅಧ್ಯಯನ ವಿಭಾಗ ಕಟ್ಟಿದರು.

ಅರಿಜೋನ 2010ರಲ್ಲಿ ತಂದ ಕಾನೂನು ಟೂಸಾನ್ ನಗರದ ಶಾಲೆಗಳ ಮೆಕ್ಸಿಕನ್ ಅಮೆರಿಕನ್ ಅಧ್ಯಯನವನ್ನು ಗುರಿಯಾಗಿಟ್ಟುಕೊಂಡಿತ್ತು. ಪಾಲಿಸದಿದ್ದರೆ ರಾಜ್ಯದ ನೆರವಿನಲ್ಲಿ ಶೇ 10 ಕಡಿತ. 2012ರ ಜನವರಿಯಲ್ಲಿ ಶಾಲಾ ಮಂಡಳಿ ಪಾಠ ನಿಲ್ಲಿಸಿತು, ಪುಸ್ತಕಗಳು ತರಗತಿಯಿಂದ ಹೊರಹೋದವು. 2017ರಲ್ಲಿ ನ್ಯಾಯಾಧೀಶ ವಾಲೆಸ್ ತಶಿಮಾ ಅದರ ಹಿಂದೆ ಜನಾಂಗೀಯ ದ್ವೇಷವಿತ್ತೆಂದು ತೀರ್ಪಿತ್ತರು.

ಪ್ರಶ್ನೆ: ಎಂ.ಎ. ಕಿರುಪ್ರಬಂಧಕ್ಕೆ ಈ ವಿಷಯ ಆರಿಸಿಕೊಂಡಿದ್ದೇನೆ. ದಾಖಲೆ ಓದುವಾಗ ಎಲ್ಲಿ ಎಡವುತ್ತೇವೆ?

ಉತ್ತರ: ಮೊದಲ ಎಡವು ಜನಗಣತಿಯಲ್ಲಿ. 1930ರ ಗಣತಿಯಲ್ಲಿ "ಮೆಕ್ಸಿಕನ್" ಒಂದು ಜನಾಂಗ. 1940ರಲ್ಲಿ ಅದೇ ಜನ ಮತ್ತೆ "ಬಿಳಿಯರು". ಎರಡು ಕೋಷ್ಟಕ ಪಕ್ಕದಲ್ಲಿಟ್ಟು ಜನಸಂಖ್ಯೆ ಕುಸಿಯಿತು ಎಂದು ಬರೆಯಬೇಡಿ, ಬದಲಾದದ್ದು ಶೀರ್ಷಿಕೆ. ನಿಜವಾದ ಕುಸಿತವೂ ಆ ದಶಕದಲ್ಲೇ ಇದೆ. ಆರ್ಥಿಕ ಕುಸಿತದ ವರ್ಷಗಳಲ್ಲಿ ಲಕ್ಷಾಂತರ ಮಂದಿಯನ್ನು, ಅಮೆರಿಕದಲ್ಲೇ ಹುಟ್ಟಿದ ಪೌರರನ್ನೂ ಸೇರಿಸಿ, ರೈಲು ಹತ್ತಿಸಿ ಮೆಕ್ಸಿಕೊಗೆ ಕಳಿಸಿದರು. ಕ್ಯಾಲಿಫೋರ್ನಿಯಾ 2005ರಲ್ಲಿ ಕಾನೂನಿನ ಮೂಲಕ ಇದಕ್ಕೆ ಕ್ಷಮೆ ಕೇಳಿತು. ಎರಡನ್ನೂ ಬಿಡಿಸಿ ನೋಡಲು ಮನೆಮನೆಯ ಮೂಲ ಹಾಳೆಗಳೇ ಬೇಕು. ಗಣತಿಯಾದ 72 ವರ್ಷಕ್ಕೆ ಅವು ತೆರೆಯುತ್ತವೆ, 1950ರ ಹಾಳೆಗಳು 2022ರಲ್ಲಿ ತೆರೆದವು.

1950ರ ಗಣತಿ ಐದು ನೈಋತ್ಯ ರಾಜ್ಯಗಳಲ್ಲಿ ಸ್ಪ್ಯಾನಿಷ್ ಅಡ್ಡಹೆಸರಿನವರನ್ನು ಬೇರೆ ಎಣಿಸಿತು. ನೀವೂ ಅಡ್ಡಹೆಸರು ಹಿಡಿದು ಎಣಿಸುವುದಾದರೆ ಮೂರು ಕಡೆ ತಪ್ಪುತ್ತದೆ: ಮದುವೆಯಾಗಿ ಹೆಸರು ಬದಲಾದ ಹೆಂಗಸರು ಬಿಟ್ಟುಹೋಗುತ್ತಾರೆ, ಫಿಲಿಪಿನೊಗಳು ಸೇರಿಕೊಳ್ಳುತ್ತಾರೆ, ಗುಮಾಸ್ತ ತಪ್ಪು ಕಾಗುಣಿತ ಬರೆದ ಮನೆಗಳು ಸಿಕ್ಕುವುದೇ ಇಲ್ಲ. ಹುಟ್ಟಿದ ಸ್ಥಳ, ತಂದೆತಾಯಿ ಹುಟ್ಟಿದ ಸ್ಥಳ, ಮನೆಮಾತು ಎಂಬ ಕಾಲಮ್‌ಗಳು ಇದ್ದಲ್ಲಿ ಜೊತೆಗಿಟ್ಟು ತಾಳೆ ನೋಡಿ.

ಶಾಲೆಗಳ ವಿಷಯಕ್ಕೆ ತೀರ್ಪುಗಳನ್ನಷ್ಟೇ ಓದಬೇಡಿ. ಶಾಲಾ ಮಂಡಳಿಯ ನಡಾವಳಿ ಪುಸ್ತಕ, ವಿಚಾರಣೆಯ ಸಾಕ್ಷ್ಯ, ಹಾಜರಿ ಪಟ್ಟಿ ನೋಡಿ. ಯಾವ ಮಗುವಿಗೆ ಭಾಷಾ ಪರೀಕ್ಷೆ ಮಾಡಿದರು, ಯಾವ ಮಗುವನ್ನು ಹೆಸರು ನೋಡಿಯೇ ಕಳಿಸಿದರು ಎಂಬುದು ಅಲ್ಲಿ ಸಿಗುತ್ತದೆ. ಹಿರಿಯರ ಮಾತು ದಾಖಲಿಸುವಾಗ ಇಸವಿ ಕೇಳಬೇಡಿ, ಇಸವಿ ತಪ್ಪುತ್ತದೆ. ಎಷ್ಟನೇ ತರಗತಿ, ಯಾವ ಬೆಳೆ ಕೊಯ್ಯುತ್ತಿದ್ದಾಗ, ಅಣ್ಣ ಸೈನ್ಯದಿಂದ ಬಂದ ಮೇಲೋ ಮೊದಲೋ ಎಂದು ಕೇಳಿ. ಇಸವಿಯನ್ನು ನೀವು ಕಾಗದದಿಂದ ಹಾಕಿ. ಕಾಗದಕ್ಕೂ ಮಾತಿಗೂ ತಾಳೆಯಾಗದಿದ್ದರೆ ಮಾತನ್ನು ಕೂಡಲೇ ಕೈಬಿಡಬೇಡಿ. ಆ ಕಾಗದ ಬರೆದವರು ಯಾರು, ಯಾರಿಗೆ ಲೆಕ್ಕ ಒಪ್ಪಿಸಲು ಬರೆದರು ಎಂದು ನೋಡಿ, ಎರಡನ್ನೂ ಅಡಿಟಿಪ್ಪಣಿಯಲ್ಲಿ ಇಡಿ.